ಹತ್ತಿಯಂಥ ಪೆಡಲು

ಹಳೆಯ ಅಂಬಾಸಿಡರಿಗೆ ಹೊಸ ಬ್ರೇಕ್ ಷೂಗಳನ್ನೂ ಚಕ್ರದ ಸಿಲಿಂಡರುಗಳನ್ನೂ ಜೋಡಿಸಿದ್ದಾಗಿತ್ತು. ಪೆಡಲು ಮಾತ್ರ ಹತ್ತಿಯನ್ನು ತುಳಿದಂತೆ ಕುಸಿಯುತ್ತಿತ್ತು. ಬೆಳಗಾದರೆ ಮಕ್ಕಳೊಡನೆ ಆಗುಂಬೆಯ ಘಟ್ಟವಿಳಿಯಬೇಕು. ಕೊಳವೆಯಲ್ಲಿ ಗಾಳಿ ಸೇರಿದೆಯೆಂದು ರಾಯರು ಬಲ್ಲರು: ಬ್ರೇಕಿನ ಎಣ್ಣೆ ಒತ್ತಡಕ್ಕೆ ಕುಗ್ಗದು, ಗಾಳಿ ಕುಗ್ಗುತ್ತದೆ. ಅದನ್ನು ಹೊರಡಿಸುವುದು ಒಬ್ಬರ ಕೈಲಾಗುವ ಕೆಲಸವಲ್ಲ. ಅಡಿಗೆಮನೆಯಿಂದ ಮಡದಿಯನ್ನು ಕರೆದು ಪೆಡಲಿನ ಮುಂದೆ ಕೂರಿಸಿ, ತಾವು ಹಿಂಚಕ್ರದ ಬಳಿ ನುಸುಳಿದರು.

“ಒತ್ತು.”

ಚಕ್ರದ ಹಿಂಬದಿಯ ಸ್ಕ್ರೂ ಸಡಿಲಿಸಿದೊಡನೆ ಸೀಸೆಯ ಎಣ್ಣೆಯಲ್ಲಿ ಗುಳ್ಳೆಗಳೆದ್ದವು. ಅದನ್ನು ಬಿಗಿಯುವ ಮುನ್ನ ಕಾಲೆತ್ತಿದರೆ ಗಾಳಿ ಮರಳಿ ಒಳಗೆ. ಆಕೆ ಎರಡು ಸಲ ಕಾಲೆತ್ತಿದರು, ರಾಯರು ಗದರಿದರು.

“ಯಾವಾಗ ಬಿಡಬೇಕೆಂದು ನೀವು ಹೇಳಿದರಲ್ಲವೆ ನನಗೆ ತಿಳಿಯುವುದು?”

ಮಾತು ನ್ಯಾಯವಾಗಿತ್ತು. ನಾಲ್ಕು ಚಕ್ರಗಳೂ ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು.

“ಈಗ ಗಟ್ಟಿಯಾಗಿದೆ, ನೋಡಿ,” ಎಂದರು ಆಕೆ. ಆದರೂ ರಾಯರು ತಾವೊಮ್ಮೆ ತುಳಿದು ನೋಡಿದರು.