ಹೇಮಂತದ ದ್ವೀಪಯಾತ್ರೆಯೂ ಒಂದು ಗಾಳವೂ

ಶಾಲೆಯ ಕೆಲಸದಿಂದ ನಿವೃತ್ತರಾದವರಿಗೆ ರಜೆಯೆಂಬುದು ಬೇರೆ ಇಲ್ಲವಷ್ಟೆ. ಆದರೂ ಈ ವರ್ಷ ನಮಗೊಂದು ರಜೆ ಬಂದೊದಗಿದೆ. ಬೆಂಗಳೂರಿನಲ್ಲಿ ಓದುತ್ತಿರುವ ಹನ್ನೆರಡು ವರ್ಷದ ಮೊಮ್ಮಗನು ನವರಾತ್ರಿಗೆ ಕುಂದಾಪುರದ ಮನೆಗೆ ಬಂದಿದ್ದಾಗ, “ಅಜ್ಜಯ್ಯ, ಕ್ರಿಸ್ಮಸ್ ರಜೆಗೆ ಲಕ್ಷದ್ವೀಪಕ್ಕೆ ಹೋಗುವ. ಅಲ್ಲಿ ನಾನು ಮೀನು ಹಿಡಿಯಬೇಕು” ಎಂದನು. ದ್ವೀಪವೆಂದಾಗ ನಮಗೆ ಸಂತೋಷವಾಯಿತು. ಮೀನೆಂದಾಗ ಮನೆಯೆಲ್ಲ ಮೌನವಾಯಿತು. ನಮ್ಮದು ಮತ್ಸ್ಯಾಹಾರವಿಲ್ಲದ ಮನೆ. “ಅಜ್ಜನಾದವರೇ ಮುಂದೆ ನಿಂತು ಮಗುವಿನ ಕೈಗೆ ಗಾಳ ಕೊಡುವುದುಂಟೇ?” ಎಂದು ನಮ್ಮ ಗೃಹಿಣಿ ಕೇಳಿದರು. ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾವು ಯಾತ್ರೆಯ ಸಿದ್ಧತೆಗೆ ತೊಡಗಿದೆವು. ಆಗ ತಿಳಿದುಬಂದ ಸಂಗತಿಗಳು ಇತರ ಗೃಹಸ್ಥರಿಗೂ ಉಪಯೋಗವಾದಾವೆಂದು ಇಲ್ಲಿ ಬರೆಯುತ್ತೇವೆ.

ಎರಡು ಕಡೆಯಲ್ಲಿಯೂ ನೀರುಳ್ಳದ್ದು ದ್ವೀಪವೆಂದು ಆ ಶಬ್ದದ ನಿಷ್ಪತ್ತಿ. ‘ಲಕ್ಷ’ವೆಂಬುದು ಮಾತ್ರ ಅತಿಶಯೋಕ್ತಿ. ಗಣನೆಗೆ ಬಂದಿರುವ ದ್ವೀಪಗಳು ೩೬. ಜನರು ವಾಸಿಸುವಂಥವು ೧೦. ಎಲ್ಲದರ ನೆಲವನ್ನೂ ಕೂಡಿಸಿದರೆ ೩೨ ಚದರ ಕಿಲೋಮೀಟರು. ಆದರೆ ಹವಳದ ಒಡ್ಡುಗಳ ನಡುವೆ ಶಾಂತವಾಗಿ ನಿಂತಿರುವ ಒಳಗಡಲಿನ ವಿಸ್ತಾರವು ಸುಮಾರು ೪,೨೦೦ ಚದರ ಕಿಲೋಮೀಟರು. ನೆಲ ಅಂಗೈಯಷ್ಟು, ನೀರು ಅಂಗಳದಷ್ಟು. ಅಲ್ಲಿಯ ಜನರ ಹೊಲ ಗದ್ದೆಗಳೆಲ್ಲ ಈ ನೀರೇ.

ಈ ದ್ವೀಪಗಳು ನಮಗೆ ತೀರ ಪರಕೀಯವೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು ೧೭೮೭ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. ೧೭೯೯ರ ತರುವಾಯ ಕಂಪೆನಿಯ ಕೈಸೇರಿ, ೧೯೫೬ರ ನವೆಂಬರ ೧ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಅಕ್ಕಿಯನ್ನು ಒಯ್ಯುತ್ತಿದ್ದರು. ಮಂಗಳೂರಿನ ಹಳೆಯ ಬಂದರದಿಂದ ಸಾಮಾನು ಹೊತ್ತ ಮಂಜಿಗಳು ಈಗಲೂ ಅತ್ತ ಹೋಗುವುದುಂಟು.

ಹೊರಡುವವರು ಮೊದಲು ನೋಡತಕ್ಕದ್ದು ಕಾಲವನ್ನು. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರದವರೆಗೆ ಮಳೆಗಾಲದ ಕಡಲು ಯಾರ ಮಾತನ್ನೂ ಕೇಳುವುದಿಲ್ಲ. ಅಕ್ಟೋಬರದ ಮೇಲೆ ಮೀನುಗಾರಿಕೆ ಮರಳಿ ಚಿಗುರುತ್ತದೆ. ಆದರೆ ಹೇಮಂತವೆಂದು ಕಣ್ಣು ಮುಚ್ಚಿ ನಂಬಲಾಗದು. ೨೦೧೭ರಲ್ಲಿ ಓಖಿ ಚಂಡಮಾರುತವು ಡಿಸೆಂಬರದ ಆದಿಯಲ್ಲಿಯೇ ಈ ದ್ವೀಪಗಳ ಮೇಲೆ ಹಾದುಹೋಯಿತು. ಆದಕಾರಣ ನಾವು ಡಿಸೆಂಬರದ ಕಡೆಯ ವಾರವನ್ನು ಆರಿಸಿಕೊಂಡು, ಹಿಂದಿರುಗುವಾಗ ಎರಡು ದಿನಗಳನ್ನು ಖಾಲಿಯಾಗಿ ಬಿಟ್ಟಿದ್ದೇವೆ. ಕಡಲ ಪ್ರಯಾಣದಲ್ಲಿ ಈ ಎರಡು ದಿನಗಳು ಮನೆಯ ಆಪದ್ಧನವಿದ್ದಂತೆ.

ಎರಡನೆಯದು ಅನುಮತಿ. ೧೯೬೭ರ ನಿಯಮಗಳಂತೆ, ಹೊರಗಿನವರು ದ್ವೀಪಾಡಳಿತದ ಅನುಮತಿಪತ್ರವಿಲ್ಲದೆ ಅಲ್ಲಿ ಕಾಲಿಡಕೂಡದು. ಟಿಕೀಟು ಕೊಂಡ ಮೇಲೆ ಅನುಮತಿಯನ್ನು ನೆನೆಯುವುದು, ಲಗ್ನಪತ್ರಿಕೆ ಹಂಚಿದ ಮೇಲೆ ವರನನ್ನು ಹುಡುಕಿದಂತೆ. ಗಾಳ ಹಾಕುವ ಇಚ್ಛೆಯಿದ್ದರೆ, ಎಲ್ಲಿ ಹಾಕಬಹುದು, ಯಾರ ದೋಣಿಯಲ್ಲಿ ಹೋಗಬಹುದು ಎಂಬುದನ್ನೂ ಮುಂದಾಗಿಯೇ ವಿಚಾರಿಸಿಕೊಳ್ಳಬೇಕು. ಕೊಚ್ಚಿಯಿಂದ ಪ್ರಯಾಣಿಕರ ಹಡಗಿನಲ್ಲಿ ಹೋದರೆ ದ್ವೀಪಕ್ಕೆ ತಕ್ಕಂತೆ ೧೪ರಿಂದ ೧೮ ಗಂಟೆ ಹಿಡಿಯುತ್ತದೆ. ಅಗತ್ತಿಗೆ ಸಣ್ಣ ವಿಮಾನವುಂಟು. ಅದು ಸುಮಾರು ಒಂದೂವರೆ ಗಂಟೆಯ ದಾರಿ. ಹುಡುಗನ ಆಯ್ಕೆ ಹಡಗು. ನಮ್ಮ ಗೃಹಿಣಿಯವರ ಆಯ್ಕೆ ವಿಮಾನ. ಹೋಗುವಾಗ ಹಡಗು, ಬರುವಾಗ ವಿಮಾನವೆಂದು ಪಂಚಾಯಿತಿಯಾಗಿದೆ.

ಇನ್ನು ಮೀನಿನ ವಿಷಯ. ಮಿನಿಕಾಯ್ ದ್ವೀಪದಲ್ಲಿ ಹಿಂದಿನಿಂದ ಬಂದು, ೧೯೬೦ರ ದಶಕದಿಂದ ಇತರ ದ್ವೀಪಗಳಿಗೂ ಹಬ್ಬಿದ ಒಂದು ವಿದ್ಯೆಯುಂಟು. ದ್ವೀಪದವರು ‘ಚೂರ’ವೆಂದು ಕರೆಯುವ ಟ್ಯೂನಾ ಮೀನನ್ನು ಅವರು ಬಲೆಯಿಂದಲ್ಲದೆ ಗಾಳದ ಕೋಲಿನಿಂದ ಹಿಡಿಯುತ್ತಾರೆ. ಮೊದಲು ಒಳಗಡಲಿನಲ್ಲಿ ಬೆರಳುದ್ದದ ಬೆಳ್ಳಿಬಣ್ಣದ ಮೀನುಗಳನ್ನು ಹಿಡಿದು, ಕಡಲ ನೀರು ಆಡುತ್ತಿರುವಂಥ ತೊಟ್ಟಿಯಲ್ಲಿ ಜೀವಂತವಾಗಿ ಇಟ್ಟುಕೊಳ್ಳುತ್ತಾರೆ. ಒಡ್ಡಿನಾಚೆ ಹಕ್ಕಿಗಳು ಎರಗುವ ಕಡೆ ಚೂರದ ಹಿಂಡಿದೆಯೆಂದು ತಿಳಿದು, ಅಲ್ಲಿ ಈ ಸಣ್ಣ ಮೀನುಗಳನ್ನು ಎರಚುತ್ತಾರೆ; ಮೀನಿನ ಮರಿಗಳು ಚಿಮ್ಮುವಂತೆ ತೋರಲೆಂದು ನೀರನ್ನೂ ಚಿಮುಕಿಸುತ್ತಾರೆ. ಗಾಳಕ್ಕೆ ಹಿಮ್ಮುಳ್ಳಿರುವುದಿಲ್ಲ. ಆದುದರಿಂದ ಕಚ್ಚಿದ ಮೀನು ಕೋಲಿನ ಬೀಸಿಗೆ ದೋಣಿಯೊಳಗೆ ಬಿದ್ದು ತಾನಾಗಿಯೇ ಕಳಚಿಕೊಳ್ಳುತ್ತದೆ. ಒಂದು ಕೋಲು, ಒಂದು ಗಾಳ, ಒಂದು ಮೀನು. ಹೀಗೆ ಹಿಡಿದುದನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆಯಿಟ್ಟು, ಬಿಸಿಲಿಗೆ ಒಣಗಿಸಿ ‘ಮಾಸ್’ ಮಾಡುತ್ತಾರೆ.

ಇದನ್ನೋದಿದ ಮೇಲೆ ನಾವು ನಮ್ಮ ಹಳೆಯ ಶಿಷ್ಯನೊಬ್ಬನನ್ನು ಕಾಣಲು ಗಂಗೊಳ್ಳಿಗೆ ಹೋದೆವು. ಆತನು ಮೊಗವೀರರವನು, ಸ್ವಂತ ದೋಣಿಯುಳ್ಳವನು. ಎಲ್ಲವನ್ನೂ ಕೇಳಿ ಆತನು, “ಮಾಷ್ಟ್ರೇ, ಮೊಮ್ಮಗ ಎಷ್ಟು ದೊಡ್ಡ ಮೀನು ಹಿಡಿದಾನೆಂದು ನೋಡಬೇಡಿ, ಎಷ್ಟು ಸಣ್ಣದನ್ನು ಬಿಟ್ಟಾನೆಂದು ನೋಡಿ. ನಮ್ಮ ಕಡಲಿನ ಮರಿಮೀನನ್ನೆಲ್ಲ ನಾವೇ ಬಾಚಿ ಮೀನುಹುಡಿಯ ಕಾರ್ಖಾನೆಗೆ ಹಾಕಿದೆವು. ಬಿತ್ತದ ಭತ್ತವನ್ನು ಉಂಡವನಿಗೆ ಮುಂದೆ ಬೇಸಾಯ ಎಲ್ಲಿಯದು?” ಎಂದನು. ಮೂವತ್ತು ವರ್ಷ ನೀತಿಪಾಠ ಹೇಳಿದ ನಮಗೆ ಆ ದಿನ ಶಿಷ್ಯನಿಂದ ಪಾಠವಾಯಿತು.

ಮನುವಿನ ಕೈನೀರಿನಲ್ಲಿ ಬಂದ ಪುಟ್ಟ ಮೀನಿನ ಕಥೆ ಶತಪಥಬ್ರಾಹ್ಮಣದಲ್ಲಿದೆ. “ದೊಡ್ಡವು ನನ್ನನ್ನು ನುಂಗುತ್ತವೆ, ಕಾಪಾಡು” ಎಂದು ಬೇಡಿದ ಆ ಮೀನೇ ಮುಂದೆ ಪ್ರಳಯದಲ್ಲಿ ಅವನ ನೌಕೆಯನ್ನು ದಡ ಸೇರಿಸಿತು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಅದರ ಅರ್ಥ ಈಗ ಹೊಳೆಯಿತು. ದ್ವೀಪದಲ್ಲಿ ಬೆರಳುದ್ದದ ಮೀನು ಅಳಿದರೆ ಚೂರವಿಲ್ಲ, ಚೂರವಿಲ್ಲದಿದ್ದರೆ ಅನೇಕ ಒಲೆಗಳು ಹೊತ್ತುವುದಿಲ್ಲ. ಆ ಪುಟ್ಟ ಮೀನಿಗೆ ಮನೆ ಹವಳ. ಕಡಲು ಅತಿಯಾಗಿ ಕಾದುದರಿಂದ ೧೯೯೮, ೨೦೧೦, ೨೦೧೬, ೨೦೨೪ ಈ ವರ್ಷಗಳಲ್ಲಿ ಹವಳವು ಬಿಳಿಚಿಕೊಂಡು ಬಹಳ ನಷ್ಟವಾಯಿತು. ಸಮುದ್ರಮಟ್ಟದಿಂದ ಒಂದೆರಡು ಮೀಟರು ಮಾತ್ರ ಎತ್ತರವಿರುವ ಆ ನೆಲಕ್ಕೆ ಹವಳದ ಒಡ್ಡೇ ಕೋಟೆ. ಅದರ ಚೂರನ್ನು ನೆನಪಿಗೆಂದು ಚೀಲಕ್ಕೆ ಹಾಕುವುದು ಕಾಯಿದೆಗೂ ವಿರೋಧ, ಧರ್ಮಕ್ಕೂ ವಿರೋಧ.

ಗಾಳದಲ್ಲಿ ಹಿಂಸೆಯಿಲ್ಲವೆಂದು ನಾವು ವಾದಿಸಲಾರೆವು. ಆದರೆ ಹುಡುಗನನ್ನು ಕಡಲಿನಿಂದ ದೂರವಿರಿಸಿದರೆ ಆತನು ಅಹಿಂಸೆಯನ್ನು ಕಲಿಯುವನೆಂದೂ ತೋರಲಿಲ್ಲ. ಮೀನು ಅಂಗಡಿಯಲ್ಲಿ ಹುಟ್ಟುತ್ತದೆಂದು ಮಾತ್ರ ತಿಳಿದಾನು. ಆದಕಾರಣ ಮೂರು ನಿಯಮಗಳನ್ನು ಬರೆದು ಕಳುಹಿಸಿದೆವು: ಅಲ್ಲಿಯವರ ದೋಣಿಯಲ್ಲಿ, ಅವರು ತೋರಿಸಿದ ಕಡೆಯಲ್ಲಿಯೇ ಗಾಳ ಹಾಕಬೇಕು, ಒಂದು ಮೀನು ಸಾಕು, ಅದು ದೋಣಿಯವರ ಮನೆಯ ಅಡುಗೆಗೆ ಸಲ್ಲಬೇಕು. ಗೃಹಿಣಿಯವರು ಓದಿ, ಏನೂ ಹೇಳದೆ, ದಾರಿಗೆಂದು ಅವಲಕ್ಕಿಯನ್ನೂ ಹಡಗಿನ ಓಕರಿಕೆಗೆಂದು ಒಣಶುಂಠಿಯನ್ನೂ ಕಟ್ಟಿಡಲು ಡಬ್ಬಿ ಹುಡುಕತೊಡಗಿದರು. ಅದೇ ಒಪ್ಪಿಗೆಯೆಂದು ನಾವು ತಿಳಿದೆವು. ದ್ವೀಪದ ಸಿಹಿನೀರು ಮಳೆಯಿಂದ ಇಂಗಿ ಉಪ್ಪುನೀರಿನ ಮೇಲೆ ತೆಳುವಾಗಿ ನಿಂತದ್ದೆಂದು ಕೇಳಿ, “ಹಾಗಾದರೆ ಸ್ನಾನಕ್ಕೆ ಒಂದೇ ಕೊಡ” ಎಂದು ನಾಲ್ಕನೆಯ ನಿಯಮವನ್ನು ಅವರೇ ಸೇರಿಸಿದರು.

ಸಾಯಂಕಾಲ ದೂರವಾಣಿಯಲ್ಲಿ ಮೊಮ್ಮಗನ ಧ್ವನಿ ಕೇಳಿಸಿತು.

“ಒಂದೇ ಒಂದಾ, ಅಜ್ಜಯ್ಯ?”

“ಒಂದೇ.”

ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಕ್ಕಿದ್ದು ಮರಿಯಾದರೆ?” ಎಂದನು.

“ಹಿಂದಕ್ಕೆ ಬಿಟ್ಟುಬಿಡಬೇಕು.”

“ಹಾಗಾದರೆ ಅದು ಲೆಕ್ಕಕ್ಕಿಲ್ಲವಷ್ಟೆ?”

ಇಲ್ಲವೆಂದೆವು. ಅನುಮತಿಪತ್ರಕ್ಕೆ ಅರ್ಜಿಯನ್ನು ಮರುದಿನವೇ ಕಳುಹಿಸಿದ್ದೇವೆ.