ಮೋಟಾರು ಬಂಡಿಯಲ್ಲಿ ಮೂವರು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಶಾಲೆಯ ಏಳಿಗೆಯ ವಿಷಯವಾಗಿ ನಾಲ್ಕು ಮಾತು ಬರೆಯುವುದು ವಾಡಿಕೆ. ಆ ವರದಿಯನ್ನು ಬೇರೆ ಪುಟಗಳಲ್ಲಿ ಒಪ್ಪಿಸಿದ್ದೇವೆ. ಇಲ್ಲಿ ನಾವು ಬರೆಯಹೊರಟಿರುವುದು ಒಂದು ಕಥೆಯ ಸಂಗತಿ. ಅದನ್ನು ನಾವು ಹಲವು ವರ್ಷಗಳ ಕಾಲ ಅರ್ಧಂಬರ್ಧವಾಗಿ ಹೇಳಿಕೊಂಡು ಬಂದೆವು; ಉಳಿದರ್ಧವನ್ನು ನಮಗೆ ಜ್ಞಾಪಿಸಿದವಳು ನಮ್ಮ ವಿದ್ಯಾರ್ಥಿನಿಯೊಬ್ಬಳು.

ಶನಿವಾರದ ಕೊನೆಯ ಅವಧಿಯಲ್ಲಿ ಮೇಲಿನ ತರಗತಿಗಳ ಬಾಲಿಕೆಯರನ್ನು ಸಭಾಂಗಣದಲ್ಲಿ ಕೂರಿಸಿ, ಎಲ್ಲಿಯಾದರೂ ನಿಜವಾಗಿ ನಡೆದ ಒಂದು ವೃತ್ತಾಂತವನ್ನು ಹೇಳುವ ಪದ್ಧತಿ ನಮ್ಮಲ್ಲುಂಟು. ಅವುಗಳಲ್ಲಿ ಬಾಲಿಕೆಯರು ಪ್ರತಿ ವರ್ಷವೂ ಕೇಳಿ ಹೇಳಿಸಿಕೊಳ್ಳುವುದು “ಕನ್ನಡಕದ ನಾಯಿಯ ಕಥೆ.” ಅದಕ್ಕೆ ಕಾರಣವಾದ ಒಂದು ಛಾಯಾಚಿತ್ರವನ್ನು ನಾವು ಮೊದಲು ತೋರಿಸುತ್ತೇವೆ. ಚಾವಣಿಯಿಲ್ಲದ ಹಳೆಯ ಕಾಲದ ಮೋಟಾರು ಬಂಡಿ. ಅದರಲ್ಲಿ ಧೂಳು ಮೆತ್ತಿಕೊಂಡ ಇಬ್ಬರು ಗಂಡಸರು. ಅವರೊಡನೆ ಗಂಭೀರವಾಗಿ ಕುಳಿತ ಒಂದು ಗಿಡ್ಡ ಮೂತಿಯ ನಾಯಿ. ನಾಯಿಯ ಕಣ್ಣಿಗೂ ಧೂಳುಗನ್ನಡಕ! ಇದನ್ನು ಕಂಡು ನಗದ ಬಾಲಿಕೆಯನ್ನು ನಾವು ಇದುವರೆಗೆ ಕಂಡಿಲ್ಲ.

ನಾವು ಹೇಳುತ್ತಿದ್ದ ಕಥೆ ಹೀಗೆ. ೧೯೦೩ನೆಯ ಇಸವಿಯ ಮೇ ತಿಂಗಳಿನಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ತೀರದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಕ್ಲಬ್ಬಿನಲ್ಲಿ ಮೋಟಾರು ಬಂಡಿಯ ವಿಷಯವಾಗಿ ವಾದವೆದ್ದಿತು. ಅದು ಶ್ರೀಮಂತರ ಆಟದ ವಸ್ತುವೇ ಹೊರತು ದೂರ ಪ್ರಯಾಣಕ್ಕೆ ಒದಗತಕ್ಕದ್ದಲ್ಲವೆಂಬುದು ಹಲವರ ಮತ. ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ ಊರಿನವರಾದ ಡಾಕ್ಟರ್ ಹೊರೇಷಿಯೋ ನೆಲ್ಸನ್ ಜಾಕ್ಸನ್ ಎಂಬ ಮೂವತ್ತೊಂದು ವರ್ಷದ ವೈದ್ಯರು ಅಲ್ಲಿದ್ದರು. ೯೦ ದಿನಗಳೊಳಗೆ ಮೋಟಾರಿನಲ್ಲಿಯೇ ನ್ಯೂಯಾರ್ಕ್ ಸೇರುವೆನೆಂದು ಅವರು ೫೦ ಡಾಲರುಗಳ ಪಂಥ ಕಟ್ಟಿದರು. ಪಂಥ ಕಟ್ಟುವುದು ಒಳ್ಳೆಯ ಅಭ್ಯಾಸವಲ್ಲವೆಂದು ನಾವು ಪ್ರತಿ ವರ್ಷವೂ ಇಲ್ಲಿ ತಡೆದು ಹೇಳುವುದುಂಟು. ಬಾಲಿಕೆಯರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮುಂದಿನದಕ್ಕೆ ಕಾಯುವುದೂ ಉಂಟು.

ಡಾಕ್ಟರಿಗೆ ಸ್ವಂತ ಬಂಡಿಯಿರಲಿಲ್ಲ. ನಡೆಸಿದ ಅಭ್ಯಾಸವೂ ಅಷ್ಟಕ್ಕಷ್ಟೆ. ಒಬ್ಬ ಮೆಕ್ಯಾನಿಕ್ಕನನ್ನು ಗೊತ್ತುಮಾಡಿಕೊಂಡು, ೨೦ ಅಶ್ವಶಕ್ತಿಯ ಎರಡು ಸಿಲಿಂಡರುಗಳ ವಿಂಟನ್ ಬಂಡಿಯೊಂದನ್ನು ಕೊಂಡು, ಅದಕ್ಕೆ “ವರ್ಮಾಂಟ್” ಎಂದು ತಮ್ಮ ನಾಡಿನ ಹೆಸರನ್ನೇ ಇಟ್ಟು, ಮೇ ೨೩ರಂದು ಹೊರಟರು. ಆ ಬಂಡಿಗೆ ಎದುರುಗಾಜೂ ಇರಲಿಲ್ಲ. ಊರುಗಳ ಹೊರಗೆ ರಸ್ತೆಯೆಂಬುದು ಕುದುರೆಗಾಡಿಯ ಜಾಡು ಮಾತ್ರ. ೧೯೦೧ರಲ್ಲಿ ಆ ಬಂಡಿಯ ತಯಾರಕರಾದ ವಿಂಟನ್ನರೇ ಇಂತಹ ಪ್ರಯಾಣವನ್ನು ಕೈಕೊಂಡು ನೆವಾಡಾದ ಮರಳಿನಲ್ಲಿ ಸೋತು ಹಿಂದಿರುಗಿದ್ದರಾಗಿ, ಇವರು ಬಡಗಣ ದಿಕ್ಕಿಗೆ ಸುತ್ತಿ ಆರಿಗಾನ್, ಐಡಾಹೋ ಪ್ರಾಂತಗಳ ಮಾರ್ಗವನ್ನು ಹಿಡಿದರು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ಹೆಂಗಸನ್ನು ದಾರಿ ಕೇಳಲಾಗಿ, ಆಕೆ ಬೇರೊಂದು ದಿಕ್ಕಿಗೆ ಕೈತೋರಿಸಿದಳು. ಐವತ್ತು ಮೈಲಿಗೂ ಹೆಚ್ಚು ಹೋದ ಮೇಲೆ ದಾರಿ ಮುಗಿದೇ ಹೋಯಿತು. ತನ್ನ ಮನೆಯವರು ಮೋಟಾರನ್ನು ಕಣ್ಣಾರೆ ನೋಡಲೆಂದು ಆಕೆ ಅವರನ್ನು ಅತ್ತ ಕಳುಹಿಸಿದ್ದಳಂತೆ!

ಐಡಾಹೋದ ಕಾಲ್ಡ್‌ವೆಲ್ ಊರಿನ ಬಳಿ ನಾಯಿ ಜೊತೆಗೂಡಿತು. ೧೫ ಡಾಲರು ಕೊಟ್ಟು ಕೊಂಡುದಾಗಿ ಡಾಕ್ಟರು ತಮ್ಮ ಪತ್ನಿಗೆ ಬರೆದರು. ಅದರ ಹೆಸರು ಬಡ್. ಚೌಳುಭೂಮಿಯ ಧೂಳು ಕಣ್ಣಿಗೆ ಬಿದ್ದು ಅದು ಸಂಕಟಪಡುವುದನ್ನು ಕಂಡು ಡಾಕ್ಟರು ಅದಕ್ಕೂ ತಮ್ಮಂತಹುದೇ ಕನ್ನಡಕವನ್ನು ತೊಡಿಸಿದರು. ಬಡ್ ಮುಂದಿನ ಹಾದಿಯನ್ನೇ ದಿಟ್ಟಿಸುತ್ತ, ಹಳ್ಳದಿಣ್ಣೆ ಬರುವ ಮುನ್ನವೇ ಮೈ ಬಿಗಿಹಿಡಿದು ಕೂರುವುದನ್ನು ಕಲಿತುಕೊಂಡಿತು. ಆ ಪ್ರಯಾಣದಲ್ಲಿ ಒಮ್ಮೆಯೂ ಕೆಟ್ಟ ಮಾತನ್ನಾಡದಿದ್ದವನು ಬಡ್ ಒಬ್ಬನೇ ಎಂದು ಡಾಕ್ಟರು ಹಾಸ್ಯ ಮಾಡುತ್ತಿದ್ದರು. ಊರೂರಿನ ಪತ್ರಿಕೆಗಳವರು ನಾಯಿಯ ಚಿತ್ರವನ್ನು ತೆಗೆದರು. ಜುಲೈ ೨೬ರ ನಸುಕಿನಲ್ಲಿ, ಹೊರಟ ೬೩ ದಿನಗಳ ಮೇಲೆ, ನಾಲ್ಕು ಸಾವಿರಕ್ಕೂ ಹೆಚ್ಚು ಮೈಲಿಗಳನ್ನು ಕಳೆದು ಬಂಡಿ ನ್ಯೂಯಾರ್ಕನ್ನು ಸೇರಿತು. ಮೋಟಾರಿನಲ್ಲಿ ಆ ದೇಶವನ್ನು ಕಡಲಿಂದ ಕಡಲಿಗೆ ದಾಟಿದವರಲ್ಲಿ ಅವರೇ ಮೊದಲಿಗರು. ಗೆದ್ದ ೫೦ ಡಾಲರನ್ನು ಡಾಕ್ಟರು ಕೇಳಿ ಪಡೆಯಲೇ ಇಲ್ಲ. ಧೈರ್ಯವೊಂದಿದ್ದರೆ ದಾರಿ ತಾನಾಗಿ ತೆರೆಯುವುದೆಂದು ಹೇಳಿ ನಾವು ಕಥೆಯನ್ನು ಮುಗಿಸುತ್ತಿದ್ದೆವು. ಅಷ್ಟು ಹೊತ್ತಿಗೆ ಗಂಟೆಯೂ ಹೊಡೆಯುತ್ತಿತ್ತು.

ಇನ್ನು ಆ ಬಾಲಿಕೆಯ ವಿಷಯ. ಆಕೆಯ ಹೆಸರನ್ನು ಇಲ್ಲಿ ಬರೆಯುವುದು ಉಚಿತವಲ್ಲ. ತಂದೆ ಹೆದ್ದಾರಿಯ ಬದಿಯಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟವರು. ಓದಿನಲ್ಲಿ ಆಕೆ ಸಾಧಾರಣ; ಮಾತು ಕಡಿಮೆ. ಆಕೆ ಒಂಬತ್ತನೆಯ ತರಗತಿಯಲ್ಲಿದ್ದಾಗ ಶಾಲೆಯ ಪ್ರವಾಸದಲ್ಲಿ ನಮ್ಮ ಬಾಡಿಗೆಯ ಬಸ್ಸು ಘಾಟಿಯ ಕೆಳಗೆ ಕೆಟ್ಟು ನಿಂತಿತು. ಉಳಿದವರೆಲ್ಲರೂ ಹಾಡುತ್ತ, ತಿಂಡಿ ಹಂಚಿಕೊಳ್ಳುತ್ತ ಕುಳಿತಿರಲು, ಈಕೆ ಮೆಲ್ಲನೆ ಇಳಿದು ಡ್ರೈವರನ ಪಕ್ಕದಲ್ಲಿ ನಿಂತು, ತೆರೆದ ಯಂತ್ರವನ್ನು ಬಗ್ಗಿ ನೋಡುತ್ತಿದ್ದಳು. ನಾವು ಎಲ್ಲರೆದುರಿಗೆ ಗದರಿ, ಹೆಣ್ಣುಮಕ್ಕಳು ನಿಲ್ಲುವ ಜಾಗವಲ್ಲವೆಂದು ಒಳಗೆ ಕರೆದೆವು. ಆಕೆ ಮರುಮಾತಾಡದೆ ಬಂದು ಕುಳಿತಳು. ಆ ಮಾತು ನಮ್ಮ ಬಾಯಿಂದಲೇ ಬಂದುದೆಂಬುದನ್ನು ಈಗ ನೆನೆದರೆ ನಮಗೆ ನಾಚಿಕೆಯಾಗುತ್ತದೆ.

ಮರುವರ್ಷ ಆಕೆಯ ತಾಯಿ ನಮ್ಮನ್ನು ಕಾಣಲು ಬಂದರು. “ಅಮ್ಮಾವರೇ, ಹತ್ತನೆಯದು ಮುಗಿದ ಮೇಲೆ ಪಾಲಿಟೆಕ್ನಿಕ್ಕಿಗೆ ಸೇರಿ ಮೆಕ್ಯಾನಿಕಲ್ ಓದುತ್ತೇನೆ ಅಂತಾಳೆ. ಅವರಪ್ಪನ ಬಟ್ಟೆಯ ಮಸಿ ಒಗೆಯುವುದರಲ್ಲೇ ನನ್ನ ಆಯುಸ್ಸು ಕಳೆಯಿತು. ಇವಳಾದರೂ ನೆರಳಲ್ಲಿ ಕೂತು ಕೆಲಸ ಮಾಡಲಿ. ನೀವು ಹೇಳಿದರೆ ಕೇಳುತ್ತಾಳೆ, ಒಂದು ಮಾತು ಬುದ್ಧಿ ಹೇಳಿ,” ಎಂದು ಸೆರಗಿನ ತುದಿಯನ್ನು ತಿರುವುತ್ತ ನಿಂತರು. ನಾವು ಹೆಚ್ಚು ಆಲೋಚಿಸದೆ ಆಗಲಿ ಎಂದೆವು. ಕೆಲಸದ ಗಡಿಬಿಡಿಯಲ್ಲಿ ಆ ಮಾತನ್ನು ಹೇಳಲು ಸಮಯ ಒದಗಲಿಲ್ಲ.

ಆ ವಾರದ ಶನಿವಾರ ನಾವು ಹೇಳಿದುದು ನಾಯಿಯ ಕಥೆಯನ್ನೇ. ಕಥೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಈಕೆ ಎದ್ದು ನಿಂತಳು.

“ಅಮ್ಮಾವರೇ, ದಾರಿಯಲ್ಲಿ ಬಂಡಿ ಕೆಟ್ಟಾಗ ಡಾಕ್ಟರೇ ರಿಪೇರಿ ಮಾಡಿದರಾ?”

ಪಕ್ಕದಲ್ಲಿದ್ದ ಮೆಕ್ಯಾನಿಕ್ ಮಾಡಿದನೆಂದು ಹೇಳಿದೆವು.

“ಅವರ ಹೆಸರೇನು?”

ನಮಗೆ ಹೆಸರು ಬಾಯಿಗೆ ಬರಲಿಲ್ಲ. ನಾಯಿಯ ಹೆಸರು ಗೊತ್ತು, ಅದನ್ನು ಕೊಂಡ ಬೆಲೆ ಗೊತ್ತು, ಬಂಡಿಗೆ ಇಟ್ಟ ಹೆಸರು ಗೊತ್ತು. ಆ ಮನುಷ್ಯನ ಹೆಸರನ್ನು ನಾವು ಓದಿಯೂ ನೆನಪಿನಲ್ಲಿಟ್ಟುಕೊಂಡಿರಲಿಲ್ಲ. ಸೋಮವಾರ ಹೇಳುತ್ತೇವೆಂದು ಮಾತುಕೊಟ್ಟು ಆ ರಾತ್ರಿ ಪುಸ್ತಕವನ್ನು ಮತ್ತೆ ತೆರೆದೆವು.

ಆತನ ಹೆಸರು ಸ್ಯೂವಲ್ ಕ್ರಾಕರ್. ಬೈಸಿಕಲ್ ಪಂದ್ಯಗಳಲ್ಲಿ ಓಡಿಸಿ, ಬಳಿಕ ಮೋಟಾರಿನ ಯಂತ್ರವನ್ನು ಬಲ್ಲವನಾಗಿದ್ದ ಯುವಕ. ಹೊರಟು ಹದಿನೈದು ಮೈಲಿ ಹೋಗುವಷ್ಟರಲ್ಲೇ ಟೈರು ಒಡೆಯಿತು. ಮುಂದೆ ಟೈರುಗಳು ಸಿಕ್ಕದಾದಾಗ ಚಕ್ರಗಳಿಗೆ ಹಗ್ಗ ಸುತ್ತಿ ಬಂಡಿಯನ್ನು ಸಾಗಿಸಿದರು. ಆರಿಗಾನಿನಲ್ಲಿ ಎಣ್ಣೆ ತೀರಿದಾಗ ಕ್ರಾಕರನು ಬಾಡಿಗೆಯ ಬೈಸಿಕಲ್ಲಿನಲ್ಲಿ ಇಪ್ಪತ್ತೈದು ಮೈಲಿ ದೂರದ ಊರಿಗೆ ಹೋಗಿ ಎಣ್ಣೆ ತಂದನು. ಚಕ್ರದ ಬೇರಿಂಗುಗಳು ಸವೆದು ಹೋದಾಗ ಒಬ್ಬ ರೈತನನ್ನು ಒಡಂಬಡಿಸಿ, ಆತನ ಹುಲ್ಲು ಕೊಯ್ಯುವ ಯಂತ್ರದ ಬೇರಿಂಗುಗಳನ್ನು ಬಿಚ್ಚಿ ಬಂಡಿಗೆ ಹಾಕಿದನು. ವಯೋಮಿಂಗಿನಲ್ಲಿ ಯಂತ್ರದೊಳಗಿನ ದೊಡ್ಡ ಭಾಗವೇ ಮುರಿದು, ಕಾರ್ಖಾನೆಯಿಂದ ಹೊಸದು ರೈಲಿನಲ್ಲಿ ಬರುವ ತನಕ ಅವರು ದಿನಗಟ್ಟಲೆ ಕಾಯಬೇಕಾಯಿತು. ಹೊಳೆಗಳಲ್ಲಿ, ಕೆಸರಿನಲ್ಲಿ ಹೂತಾಗಲೆಲ್ಲ ಹಗ್ಗ ರಾಟೆಗಳನ್ನು ಕಟ್ಟಿ ಬಂಡಿಯನ್ನು ಎಳೆದೆತ್ತಿದರು. ಡಾಕ್ಟರ ಕೋಟು ಹಣದ ಸಮೇತ ದಾರಿಯಲ್ಲಿ ಕಳೆದುಹೋದಾಗ ತಂತಿ ಹೋದುದು ಮನೆಯಲ್ಲಿದ್ದ ಪತ್ನಿ ಬರ್ಥಾಳಿಗೆ. ಆಕೆ ಸಿರಿವಂತರ ಮನೆಯ ಮಗಳು. ಡಾಕ್ಟರು ವೈದ್ಯವೃತ್ತಿಯನ್ನು ಬಿಟ್ಟೂ ನಿಶ್ಚಿಂತೆಯಿಂದಿದ್ದುದು, ಎಂಟು ಸಾವಿರ ಡಾಲರುಗಳ ಈ ಯಾತ್ರೆಗೆ ಮನಸ್ಸು ಮಾಡಿದುದು ಆ ಅನುಕೂಲದ ಬಲದಿಂದ.

ಹೀಗಿರಲು ದಾರಿ ತಾನಾಗಿ ತೆರೆಯಿತೆಂದು ನಾವು ಹೇಳುತ್ತಿದ್ದುದು ಎಷ್ಟು ಸರಿ? ಡಾಕ್ಟರ ಧೈರ್ಯ ದೊಡ್ಡದೇ. ಆದರೆ ಹೆಜ್ಜೆಹೆಜ್ಜೆಗೂ ಬಂಡಿಯ ಕೆಳಗೆ ಮಲಗಿ ಅದನ್ನು ಮತ್ತೆ ಓಡಿಸಿದ ಕೈ ಬೇರೊಬ್ಬನದು. ೧೯೪೪ರಲ್ಲಿ ಡಾಕ್ಟರು ಆ ಬಂಡಿಯನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಒಪ್ಪಿಸಿದಾಗ ಬಡ್ ನಾಯಿಯ ಕನ್ನಡಕವೂ ಅದರೊಡನೆ ಹೋಗಿ ಅಲ್ಲಿ ಸೇರಿತು. ಕ್ರಾಕರನಾದರೋ ೧೯೧೩ರಲ್ಲಿಯೇ, ಇನ್ನೂ ಎಳೆಯ ವಯಸ್ಸಿನಲ್ಲಿ ತೀರಿಕೊಂಡಿದ್ದನು.

ಅದೇ ಪುಸ್ತಕದಲ್ಲಿ ನಾವು ಎಂದೂ ಹೇಳದೆ ಬಿಟ್ಟಿದ್ದ ಇನ್ನೊಂದು ಪ್ರಕರಣವಿತ್ತು. ೧೯೦೯ರ ಜೂನ್ ೯ರಂದು ಆಲಿಸ್ ರ‍್ಯಾಮ್ಸೆ ಎಂಬ ೨೨ ವರ್ಷದ ಗೃಹಿಣಿ ನ್ಯೂಯಾರ್ಕಿನಿಂದ ಮ್ಯಾಕ್ಸ್‌ವೆಲ್ ಬಂಡಿಯಲ್ಲಿ ಹೊರಟಳು. ಜೊತೆಗೆ ಇಬ್ಬರು ನಾದಿನಿಯರು, ಒಬ್ಬ ಗೆಳತಿ; ಆ ಮೂವರಿಗೂ ಬಂಡಿ ನಡೆಸಲು ಬಾರದು. ೩೮೦೦ ಮೈಲಿಗಳ ದಾರಿಯಲ್ಲಿ ಹನ್ನೊಂದು ಟೈರುಗಳನ್ನು ತನ್ನ ಕೈಯಾರೆ ಬದಲಾಯಿಸಿ, ಕೆಟ್ಟುದನ್ನು ಸರಿಪಡಿಸಿಕೊಂಡು, ೫೯ನೆಯ ದಿನ ಸ್ಯಾನ್ ಫ್ರಾನ್ಸಿಸ್ಕೋ ಸೇರಿದಳು. ಯಂತ್ರಕ್ಕೆ ನೀರು ಬೇಕಾದಾಗ ಅವರು ತಮ್ಮ ಸಿಂಗಾರದ ಪೆಟ್ಟಿಗೆಯ ಗಾಜಿನ ಕುಪ್ಪಿಗಳಲ್ಲಿ ಚರಂಡಿಯ ನೀರನ್ನು ಮೊಗೆದು ತಂದರಂತೆ. ಹೆಣ್ಣುಮಕ್ಕಳ ಶಾಲೆಯನ್ನು ನಡೆಸುವ ನಾವು ಈ ಪುಟಗಳನ್ನು ಮಗುಚಿ ನಾಯಿಯ ಚಿತ್ರಕ್ಕೆ ಹೋಗುತ್ತಿದ್ದೆವು.

ಸೋಮವಾರ ಬೆಳಗ್ಗೆ ಪ್ರಾರ್ಥನೆಯ ತರುವಾಯ ಕ್ರಾಕರನ ಹೆಸರನ್ನೂ ಆತನ ಕೆಲಸವನ್ನೂ ಎಲ್ಲರಿಗೂ ಹೇಳಿದೆವು. ಬಸ್ಸಿನ ಬಳಿ ಆಡಿದ ಮಾತು ತಪ್ಪೆಂದು ಆ ಬಾಲಿಕೆಯನ್ನು ಕೊಠಡಿಗೆ ಕರೆಸಿ ಒಪ್ಪಿಕೊಂಡೆವು. “ಫ್ಯಾನ್ ಬೆಲ್ಟು ಕಿತ್ತುಹೋಗಿತ್ತು ಅಮ್ಮಾವರೇ, ನೋಡುತ್ತಿದ್ದೆ ಅಷ್ಟೆ,” ಎಂದಳು.

ತಾಯಿಯನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. ಅಮೆರಿಕಾದ ಕಥೆಯಿಂದ ಅವರ ಚಿಂತೆ ತೀರತಕ್ಕದ್ದಲ್ಲ. ಗಂಡುಹುಡುಗರೇ ತುಂಬಿದ ವರ್ಕ್‌ಷಾಪಿನಲ್ಲಿ ಮಗಳು ಒಬ್ಬಳೇ ಹೇಗಿರುವಳು, ನಾಳೆ ಕೆಲಸ ಕೊಡುವವರು ಯಾರು, ವರ ಕಡೆಯವರು ಏನೆಂದಾರು? ಇವು ಕೇಳತಕ್ಕ ಪ್ರಶ್ನೆಗಳೇ. ನಾವು ಅವರೊಡನೆ ಬಸ್ಸಿನಲ್ಲಿ ಜಿಲ್ಲಾಕೇಂದ್ರದ ಪಾಲಿಟೆಕ್ನಿಕ್ಕಿಗೆ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡಿದೆವು. ಮೆಕ್ಯಾನಿಕಲ್ ವಿಭಾಗದಲ್ಲಿ ಹುಡುಗಿಯರು ಬೆರಳೆಣಿಕೆಯಷ್ಟೇ ಇದ್ದರು, ಆದರೆ ಇದ್ದರು. ಅವರಲ್ಲೊಬ್ಬಳು ಲೇತಿನ ಮುಂದೆ ನಿಂತು ಕೆಲಸ ಮಾಡುತ್ತಿದ್ದುದನ್ನು ತಾಯಿ ಬಹಳ ಹೊತ್ತು ನೋಡಿದರು. ಹಿಂದಿರುಗುವಾಗ, “ಕೈ ಮಸಿಯಾದರೆ ತೊಳೆದುಕೊಂಡರಾಯಿತು,” ಎಂದರು. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ.

ಆಕೆ ಈಗ ಎರಡನೆಯ ವರ್ಷದಲ್ಲಿದ್ದಾಳೆ. ಗಣಿತದ ಒಂದು ಪರೀಕ್ಷೆಯಲ್ಲಿ ಅನುತ್ತೀರ್ಣಳಾಗಿ ಮತ್ತೆ ಕಟ್ಟಿದ್ದಾಳೆ. ತಾಯಿಯ ಚಿಂತೆ ಪೂರ್ತಿಯಾಗಿ ಹೋಗಿಲ್ಲ, ನಮ್ಮದೂ ಹೋಗಿಲ್ಲ. ಕಳೆದ ರಜೆಯಲ್ಲಿ ನಮ್ಮನ್ನು ಕಾಣಲು ಬಂದವಳು, ಆ ನಾಯಿ ಕೊನೆಗೆ ಏನಾಯಿತೆಂದು ಕೇಳಿದಳು. ಬಡ್ ನಾಯಿ ಬರ್ಲಿಂಗ್ಟನ್ನಿನಲ್ಲಿ ಡಾಕ್ಟರ ಮನೆಯಲ್ಲಿಯೇ ಸುಖವಾಗಿ ಬಾಳಿತೆಂದು ಹೇಳಿದೆವು. “ಒಳ್ಳೆಯದಾಯಿತು,” ಎಂದು ನಕ್ಕಳು.

ಪೋಷಕರೇ, ನಿಮ್ಮ ಮಗಳು ದಾರಿಯಲ್ಲಿ ಯಾವುದನ್ನು ಕಂಡು ತಡೆದು ನಿಲ್ಲುತ್ತಾಳೆಂಬುದನ್ನು ಸ್ವಲ್ಪ ಗಮನಿಸಿರಿ. ಗದರುವ ಮುನ್ನ ಏನು ನೋಡುತ್ತಿದ್ದೀಯೆಂದು ಕೇಳಿರಿ. ನಾವು ಕೇಳಲಿಲ್ಲ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಹಲವರು ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿ, ಹೊಲಮನೆಗಳಲ್ಲಿ ಬೇರೆಯವರ ಬಂಡಿ ನಿಲ್ಲದಂತೆ ನೋಡಿಕೊಳ್ಳುತ್ತಿರುವಿರಿ. ನಿಮ್ಮ ಹೆಸರನ್ನು ಯಾರೂ ಕೂಗಿ ಹೇಳದಿರಬಹುದು. ನೀವು ಮಾಡುವ ಕೆಲಸವೇನು, ಅದನ್ನು ಹೇಗೆ ಕಲಿತಿರಿ ಎಂಬುದನ್ನು ನಮಗೆ ಒಂದು ಕಾಗದದಲ್ಲಿ ಬರೆದು ತಿಳಿಸಿರಿ. ಶನಿವಾರದ ಅವಧಿಯಲ್ಲಿ ಅದನ್ನು ನಿಮ್ಮ ಹೆಸರಿನ ಸಹಿತ ಬಾಲಿಕೆಯರಿಗೆ ಓದಿ ಹೇಳುತ್ತೇವೆ. ಕನ್ನಡಕದ ನಾಯಿಯನ್ನು ಅವರು ಬಿಡುವುದಿಲ್ಲ. ಅದು ಅದರ ಪಾಡಿಗೆ ಮುಂದೆ ಕುಳಿತಿರಲಿ.