ಯಂತ್ರದ ಬೆಲೆಯೂ ಸ್ವರದ ಬೆಲೆಯೂ

ಹೆಚ್ಚು ಬೆಲೆಯ ವಸ್ತುವು ಹೆಚ್ಚು ಒಳ್ಳೆಯದೇ ಆಗಿರಬೇಕೆಂಬ ನಂಬಿಗೆಯು ನಮ್ಮ ಮನೆಮನೆಗಳಲ್ಲಿ ಬೇರೂರಿರುವದು. ಕರದಂಟಿನ ಊರಾದ ಗೋಕಾಕದಲ್ಲಿ ಹುಟ್ಟಿದ ನಾನು ಮಾತ್ರ, ಡಬ್ಬಿಗೆ ಬಂಗಾರದ ಕಾಗದ ಸುತ್ತಿದರೆ ಒಳಗಿನ ಕರದಂಟಿನ ರುಚಿ ಹೆಚ್ಚೀತೆ ಎಂದು ಚಿಕ್ಕಂದಿನಿಂದಲೂ ವಾದಿಸುತ್ತ ಬಂದವನು. ಆದರೆ ವಾದಿಸುವದು ಬೇರೆ, ಪರೀಕ್ಷಿಸಿ ನೋಡುವದು ಬೇರೆ. ಕಳೆದ ದೀಪಾವಳಿಯಲ್ಲಿ ಅಂಥದೊಂದು ಪರೀಕ್ಷೆಯು ನಮ್ಮ ಮನೆಯಲ್ಲಿಯೇ ಒದಗಿ ಬಂದಿತು.

ನಮ್ಮ ಅಜ್ಜನವರು ಕೂಡಿಸಿಟ್ಟ ಗ್ರಾಮಫೋನ್ ತಟ್ಟೆಗಳ ಪೆಟ್ಟಿಗೆಯೊಂದು ಗೋಕಾಕದ ಹಳೆಯ ಮನೆಯಲ್ಲಿ ಅವ್ವನ ಬಳಿ ಇದೆ. ಕೀಲಿ ಕೊಟ್ಟು ತಿರುಗಿಸುವ ಅವರ ಯಂತ್ರವು ಎಂದೋ ಮುರಿದುಹೋಯಿತು. ಅಪ್ಪನವರು ತೀರಿಕೊಂಡ ಬಳಿಕ ಆ ಪೆಟ್ಟಿಗೆ ಯಾರಿಗೆ ಎಂಬ ಮಾತು ಹುಟ್ಟಿತು. ಹುಕ್ಕೇರಿಯಲ್ಲಿರುವ ಅಣ್ಣನು ಒಂದೂವರೆ ಲಕ್ಷ ರೂಪಾಯಿ ಕೊಟ್ಟು ತಟ್ಟೆ ನುಡಿಸುವ ಹೊಸ ಯಂತ್ರವನ್ನು ತಂದಿದ್ದನು. ಮೂಡಲಗಿಯ ನನ್ನ ಮನೆಯಲ್ಲಿದ್ದದ್ದು ಹನ್ನೆರಡು ಸಾವಿರದ್ದು. “ನಿನ್ನ ಆ ಡಬ್ಬಿ ಮ್ಯಾಲೆ ಅಜ್ಜನ ಪ್ಲೇಟು ಇಟ್ರ ಹಾಳಾಗಿ ಹೋಗತಾವ” ಎಂದು ಅವನು ಅಂದುಬಿಟ್ಟನು. ಆ ಒಂದು ಮಾತಿಗೆ ಎರಡು ವರ್ಷ ನಾವು ಒಬ್ಬರ ಹೊಸ್ತಿಲನ್ನೊಬ್ಬರು ತುಳಿಯಲಿಲ್ಲ.

ಕಡೆಗೆ ಅವ್ವನೇ ಹೇಳಿಕಳಿಸಿದಳು: “ಇಬ್ರೂ ನಿಮ್ಮ ನಿಮ್ಮ ಯಂತ್ರ ತಗೊಂಡು ಬರ್ರಿ, ನಾ ಕೇಳಿ ಹೇಳತೀನಿ.” ಅವಳ ತವರು ಕುಲಗೋಡದ ಕಡೆಯದು. ‘ಶ್ರೀಕೃಷ್ಣ ಪಾರಿಜಾತ’ದ ಕವಿ ತಮ್ಮಣ್ಣನ ಊರು ಅದು, ಬೆಳಗು ಹರಿಯುವ ತನಕ ಆಟ ಕೇಳಿ ಹದಗೊಂಡ ಕಿವಿ ಅವಳದು. ಕಣ್ಣಿನ ಬೆಳಕು ಮಾತ್ರ ಈಗ ಬಹುಮಟ್ಟಿಗೆ ಆರಿರುವದು. ನುಡಿಯುತ್ತಿರುವ ಯಂತ್ರ ಯಾರದೆಂಬುದು ಅವಳಿಗೆ ಕಾಣುವಂತಿರಲಿಲ್ಲ. ಇದಕ್ಕಿಂತ ನಿಷ್ಪಕ್ಷಪಾತವಾದ ನ್ಯಾಯಾಸನ ನಮಗೆಲ್ಲಿ ದೊರೆಯಬೇಕು?

ಎರಡೂ ಯಂತ್ರಗಳನ್ನು ಒಂದೇ ಧ್ವನಿವರ್ಧಕಕ್ಕೆ ಜೋಡಿಸಿ, ಮೊದಲು ಮಲ್ಲಿಕಾರ್ಜುನ ಮನ್ಸೂರರ ಲಾಂಗ್ ಪ್ಲೇ ತಟ್ಟೆಯೊಂದನ್ನು ಹಚ್ಚಿದೆವು. ಅವ್ವನು ಮೆಚ್ಚಿದ್ದು ನನ್ನದನ್ನು! ನಾನು ಹಿಗ್ಗುವಷ್ಟರಲ್ಲಿಯೇ ಅಣ್ಣನು, “ನಿಂದು ಗಟ್ಟಿ ಕೇಳಸತೈತಿ, ಅಷ್ಟ” ಎಂದನು. ಅದು ನಿಜವೇ. ತುಸು ಗಟ್ಟಿಯಾದ ಧ್ವನಿಯೇ ಕಿವಿಗೆ ಹೆಚ್ಚು ಚೆಲುವಾಗಿ ತೋರುವದು. ಅಂಗಡಿಗಳಲ್ಲಿ ಎಷ್ಟೋ ಜನರು ಮರುಳಾಗುವದು ಇದಕ್ಕೇ. ಎರಡರ ಧ್ವನಿಯನ್ನೂ ಸಮಮಾಡಿದೆವು. ಆಗ ಅವ್ವನು ನನ್ನದನ್ನು ಕೇಳಿ, “ಇದ್ರಾಗ ಸ್ವರ ತೂಗ್ಯಾಡತೈತಿ” ಎಂದಳು. ತಟ್ಟೆಯನ್ನು ತಿರುಗಿಸುವ ರಬ್ಬರಿನ ಪಟ್ಟಿ ಸಡಿಲಾಗಿದ್ದಿತು. ಕೆಲವೇ ನೂರು ರೂಪಾಯಿಯ ಹೊಸ ಪಟ್ಟಿಯೊಂದು ನನ್ನ ಬಳಿಯಲ್ಲಿಯೇ ಇತ್ತು. ಅದನ್ನು ಹಾಕಿ, ಯಂತ್ರವನ್ನು ಅಲುಗಾಡದ ಮಣೆಯ ಮೇಲೆ ಸಮನಾಗಿ ಕೂಡಿಸಿದೆ. ಆಮೇಲೆ ಅದಲುಬದಲು ಮಾಡಿ ಐದು ಸಲ ಕೇಳಿಸಿದರೂ ಅವಳು ಯಾವದನ್ನೂ ಗುರುತಿಸಿ ಆರಿಸಲಾರದೆ ಹೋದಳು.

ಹಾಗೆಂದು ಅಣ್ಣನ ಹಣವೆಲ್ಲ ನೀರುಪಾಲಾಯಿತೆಂದಲ್ಲ. ಹಾಡು ಮುಗಿದು ಮುಂದಿನದು ಮೊದಲಾಗುವ ನಡುವಿನ ಮೌನದಲ್ಲಿ ನನ್ನ ಯಂತ್ರವು ಸಣ್ಣಗೆ ಘರಘರ ಅನ್ನುವದು, ಅವನದು ತೆಪ್ಪಗಿರುವದು. ಭಾರವಾದ ತಿರುಗುತಟ್ಟೆ, ನಯವಾದ ಅಚ್ಚು, ಮುಳ್ಳನ್ನು ಹಗುರಾಗಿ ಹಿಡಿದು ನಡೆಯುವ ತೋಳು, ಇವುಗಳಿಗೆ ಬೆಲೆ ಬೀಳುವದು ನ್ಯಾಯವೇ. ಆದರೆ ಆ ಮೌನದ ಅಂತರಕ್ಕೆ ಹನ್ನೆರಡು ಪಟ್ಟು ಹಣವೇ?

ಇನ್ನು ಅಜ್ಜನ ಪೆಟ್ಟಿಗೆಯ ಸರದಿ. ಅವ್ವನು ಬೇಡಿದ್ದು, ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಿಂದ ಹಾಡಿದ ತಟ್ಟೆಯನ್ನು. ಮುಂದೆ ಗಂಭೀರವಾಗಿ ಮಾರ್ಪಟ್ಟ ಅವರ ಕಂಠವು ಆಗ ಎಳೆಯದು, ತೆಳುವಾದದ್ದು. ಆ ಕಂಠ ಈಗ ಉಳಿದಿರುವದು ಇಂಥ ತಟ್ಟೆಗಳಲ್ಲಿಯೇ. ಅಣ್ಣನು ಅದನ್ನು ಮೆಲ್ಲಗೆ ಎತ್ತಿಕೊಂಡವನು ತನ್ನ ಯಂತ್ರದ ಮುಂದೆ ಹಾಗೆಯೇ ನಿಂತುಬಿಟ್ಟನು. ಹಳೆಯ ಅರಗಿನ ತಟ್ಟೆಯು ನಿಮಿಷಕ್ಕೆ 78 ಸುತ್ತು ತಿರುಗತಕ್ಕದ್ದು. ಅವನ ಯಂತ್ರಕ್ಕೆ 33⅓ ಮತ್ತು 45 ಸುತ್ತುಗಳ ಹೊರತು ಬೇರೆ ಗತಿಯೇ ಇರಲಿಲ್ಲ! 1948ರಲ್ಲಿ ಲಾಂಗ್ ಪ್ಲೇ ತಟ್ಟೆ ಬಂದ ಮೇಲೆ 78 ಕ್ರಮೇಣ ಹಿಂದೆ ಬಿದ್ದಿತು. ಈಗಿನ ಬೆಲೆಬಾಳುವ ಯಂತ್ರಗಳಲ್ಲಿ ಎಷ್ಟೋ ಅದನ್ನು ಬಿಟ್ಟೇಬಿಟ್ಟಿವೆ. ನನ್ನ ‘ಡಬ್ಬಿ’ಯಲ್ಲಿ ಅದು ಇತ್ತು. ಅಗಲವಾದ ಹಳೆಯ ಗೆರೆಗೆ ಸುಮಾರು ನಾಲ್ಕು ಪಟ್ಟು ದಪ್ಪ ತುದಿಯ ಮುಳ್ಳು ಬೇಕು. ಅದನ್ನು ತರಿಸಿಟ್ಟಿದ್ದೆನಾದ್ದರಿಂದ ಬದಲಿಸಿ ಹಚ್ಚಿದೆ.

ಚರಚರ ಸದ್ದಿನ ನಡುವಿನಿಂದ ಆ ಎಳೆಯ ದನಿ ಎದ್ದುಬಂದಿತು. ಆದರೆ ಉದ್ದನೆಯ ಸ್ವರಗಳಲ್ಲಿ ಮತ್ತೆ ಅದೇ ತೂಗಾಟ! ನಾಚಿಕೆಯಿಂದ ಬಾಗಿ ನೋಡಿದೆ. ಪಟ್ಟಿ ಬಿಗಿಯಾಗಿತ್ತು, ತಟ್ಟೆಯ ನಡುವಿನ ತೂತೇ ಕೂದಲೆಳೆಯಷ್ಟು ಪಕ್ಕಕ್ಕೆ ಬಿದ್ದಿದ್ದರಿಂದ, ಸುತ್ತು ಸುತ್ತಿಗೂ ತೋಳು ಓಲಾಡುತ್ತಿತ್ತು. ಯಂತ್ರಕ್ಕೆ ಎಷ್ಟು ಲಕ್ಷ ಸುರಿದರೂ ಹೋಗುವ ದೋಷವಲ್ಲವದು. “ಇರ್ಲಿ ಬಿಡಪಾ” ಎಂದಳು ಅವ್ವ, “ಮಾವಾರ ಫೋನಿನ್ಯಾಗೂ ಹಿಂಗ ತೂಗತಿತ್ತು.”

ಅಣ್ಣನು ಏನೂ ಅನ್ನಲಿಲ್ಲ. ಹಾಡು ಮುಗಿದೊಡನೆ ತಾನೇ ಎದ್ದು, ಮೆತ್ತನೆಯ ಅರಿವೆಯಿಂದ ತಟ್ಟೆಯ ಧೂಳನ್ನೊರಸಿ ಮಗ್ಗುಲು ಮಗುಚಿದನು.

ಓದುಗರಲ್ಲಿ ಯಾರಾದರೂ ಇಂಥ ಯಂತ್ರವನ್ನು ಕೊಳ್ಳುವವರಿದ್ದರೆ ನನ್ನ ಅರಿಕೆ ಇಷ್ಟೆ: ಗತಿ ತಪ್ಪದ, ತಟ್ಟೆಯ ಮೇಲೆ ಅತಿ ಭಾರ ಹಾಕದ ಒಂದನ್ನು ಕೊಳ್ಳಿರಿ, ಒಳ್ಳೆಯ ಮುಳ್ಳಿಗೆ ಹಣ ಹಾಕಿರಿ, ತಟ್ಟೆಗಳನ್ನು ಚೊಕ್ಕಟವಾಗಿಡಿರಿ. ಅದಕ್ಕೂ ಮೇಲಿನ ಬೆಲೆಯನ್ನು ಕೊಡುವ ಮುಂಚೆ ಒಮ್ಮೆ ಕಣ್ಣು ಮುಚ್ಚಿ ಕೇಳಿರಿ.

ಪೆಟ್ಟಿಗೆಯು ಗೋಕಾಕದಲ್ಲಿಯೇ ಉಳಿಯಿತು. ನನ್ನ ಯಂತ್ರವನ್ನೂ ಅಲ್ಲಿಯೇ ಬಿಟ್ಟುಬಂದೆ. ಈಗ ತಿಂಗಳಿಗೊಮ್ಮೆ ಅಣ್ಣನು ಹುಕ್ಕೇರಿಯಿಂದಲೂ ನಾನು ಮೂಡಲಗಿಯಿಂದಲೂ ಹೊರಟು ಅವ್ವನ ಬಳಿ ಕೂಡುತ್ತೇವೆ. ಹೊಸ ಮುಳ್ಳುಗಳನ್ನು ತರುವವನು ಅಣ್ಣನೇ.